ಹಳ್ಳ ಹಿಡಿದವಳು

ಜೂನ್ ೪

ಆರು ತಿಂಗಳ ರಜೆ ಮುಗಿಸಿ ಇವತ್ತು ಕೆಲಸಕ್ಕೆ ಹೋದೆ. ಬಾಗಿಲು ದಾಟುವಾಗ ನನ್ನ ಎದೆ ಹೊಡೆದುಕೊಂಡ ಸದ್ದು ಬೀದಿಗೆಲ್ಲ ಕೇಳಿರಬೇಕು. ಅತ್ತೆ ಮಗುವನ್ನು ಸೊಂಟಕ್ಕೇರಿಸಿಕೊಂಡು, ತಾವು ಮೂರು ಮಕ್ಕಳನ್ನು ಸಾಕಿರುವುದಾಗಿಯೂ ಒಂದನ್ನೂ ಎಲ್ಲೂ ಮರೆತು ಬಂದಿಲ್ಲವೆಂದೂ ಹೇಳಿದರು. ಮೂವರಲ್ಲಿ ನಡುವಿನವರನ್ನು ನಾನೇ ಮದುವೆಯಾಗಿದ್ದೇನೆ. ಹಾಗಾಗಿ ಅತ್ತೆಯ ಸಾಕಣೆಯ ಬಗ್ಗೆ ನನಗೆ ಪೂರ್ತಿ ಧೈರ್ಯ ಬರಲಿಲ್ಲ.

ಕಚೇರಿಯಲ್ಲಿ ಸಾಹೇಬರು ಹಗುರದ ಕೆಲಸ ಇಟ್ಟಿದ್ದೀನಿ ಅಂದರು. ರಸ್ತೆ ವಿಭಾಗದ ದೊಡ್ಡ ಇಂಜಿನಿಯರು ಅವರು. ಬೆನ್ನ ಹಿಂದೆ ನಾವೆಲ್ಲ ಕಾಂಕ್ರೀಟ್ ಸಾಹೇಬರು ಅಂತೀವಿ. ಹಗುರದ ಕೆಲಸ ಅಂದರೆ ಒಂದು ಹಳ್ಳ.

ಹೋದ ಮಳೆಗಾಲದಲ್ಲಿ ರಸ್ತೆಯ ಏರಿ ಕುಸಿದು ಆ ಹಳ್ಳಕ್ಕೆ ಜಾರಿತ್ತು. ನಾನು ರಜೆಯಲ್ಲಿದ್ದಾಗ ಕಲ್ಲುಗೋಡೆ ಕಟ್ಟಿ ಏರಿಯನ್ನು ಸರಿಮಾಡಿದ್ದಾರೆ. ಯಂತ್ರ ಇಳಿಸುವಾಗ ಹಳ್ಳದ ಮೈಯೆಲ್ಲ ಕೆರೆದುಹೋಯಿತಂತೆ. ಅದಕ್ಕೆ ಮತ್ತೆ ಕಲ್ಲು ಹಾಸಿ, ದಡಕ್ಕೆ ಹುಲ್ಲು ಹಚ್ಚಿ, ಗಿಡ ನೆಟ್ಟಿದ್ದಾರೆ. ರಸ್ತೆಯ ಅಡಿಯಲ್ಲೊಂದು ಮೋರಿ. ಮೋರಿಯ ಕೆಳಗಡೆ ಮೀನುಗಳಿವೆ, ಮೇಲ್ಗಡೆ ಒಂದೂ ಇಲ್ಲ. ಮಳೆಗಾಲ ಮುಗಿಯುವುದರೊಳಗೆ ಮೀನು ಮೋರಿ ದಾಟಿ ಮೇಲೆ ಬಂದು ನೆಲೆಸಿದರೆ ಹಳ್ಳ ಹಳ್ಳವಾಗಿಯೇ ಉಳಿಯುತ್ತದೆ. ಇಲ್ಲದಿದ್ದರೆ ಮೇಲಿನ ಭಾಗದ ತಳಕ್ಕೂ ದಡಕ್ಕೂ ಸಿಮೆಂಟು ಬಳಿದು ಚರಂಡಿ ಮಾಡುತ್ತಾರೆ. ಅದರ ಎಸ್ಟಿಮೇಟ್ ಸಾಹೇಬರ ಮೇಜಿನ ಮೇಲೆ ಸಿದ್ಧವಾಗಿಯೇ ಇದೆ. ನೀರು ಹೋದರೆ ಸಾಕಲ್ವೇನ್ರಿ, ಮೀನೇನು ಟ್ಯಾಕ್ಸ್ ಕಟ್ಟುತ್ತಾ, ಅಂದರು.

ಮನೆಗೆ ಬಂದು ಹೇಳಿದರೆ ಇವರಿಗೆ ಬಿದ್ದು ಬಿದ್ದು ನಗು. “ಮಗಳನ್ನ ಇಂಜಿನಿಯರಿಂಗ್ ಓದಿಸಿದ್ದು ಹಳ್ಳ ಹಿಡೀತು ಅಂತ ನಿಮ್ಮಪ್ಪನಿಗೆ ನಾನೇ ಫೋನ್ ಮಾಡ್ಲಾ?”

ಮಗು ಹಗಲೆಲ್ಲ ಅಳಲೇ ಇಲ್ಲವಂತೆ. ಈಗ ಅದೂ ಒಂದು ಚಿಂತೆ. ಯಾಕೆ ಅಳಲಿಲ್ಲ?

ಜೂನ್ ೫

ಹಳ್ಳ ನೋಡಿ ಬಂದೆ. ಹೊಸದಾಗಿ ಬೋಳಿಸಿದ ತಲೆಯ ಹಾಗಿದೆ. ದಡದ ಗಿಡಗಳು ಮೊಳಕಾಲೆತ್ತರ, ಒಂದೊಂದಕ್ಕೂ ಊರುಗೋಲು. ಮೋರಿಯ ಬಾಯಿಯಿಂದ ನೀರು ಧುಮುಕುತ್ತಿದ್ದ ಕಡೆ ಮೀನು ಹತ್ತಲೆಂದು ಕಲ್ಲಿನ ಮೆಟ್ಟಿಲು ಮಾಡಿದ್ದಾರೆ. ಕೆಳಗಿನ ಗುಂಡಿಯಲ್ಲಿ ಬೆರಳುದ್ದದ ಮೀನುಗಳು ಮೆಟ್ಟಿಲ ಕಡೆ ಮುಖ ಮಾಡಿಕೊಂಡು ನಿಂತಿದ್ದವು, ಲಿಫ್ಟಿಗೆ ಕಾದವರ ಹಾಗೆ.

ಮೀನು ಇಲಾಖೆಯ ವಿಜ್ಞಾನಿಯೊಬ್ಬರು ಪಾಲಿಸಬೇಕಾದ ನಿಯಮಗಳನ್ನು ಬರೆದು ಕಳಿಸಿದ್ದಾರೆ. ಕಚೇರಿಯಲ್ಲಿ ಅವರನ್ನು ಮೀನು ಮೇಡಂ ಅನ್ನುತ್ತಾರೆ. ನೀರಿನ ಆಳ, ಬಿಸಿ ನೋಡುವುದು, ಮೇಲಿನಿಂದ ಫೋಟೋ ತೆಗೆದು ಕಳಿಸುವುದು. ಮೊದಲನೇ ಸಾಲೇ ‘ಹಳ್ಳದ ಪಾತ್ರದಲ್ಲಿ ಕಸ ಇಲ್ಲದಂತೆ ನೋಡಿಕೊಳ್ಳತಕ್ಕದ್ದು’. ಓದಿ ಸಮಾಧಾನವಾಯಿತು. ಮೀನಿನ ವಿಷಯ ನನಗೆ ಗೊತ್ತಿಲ್ಲ. ಕಸದ ವಿಷಯ ಚೆನ್ನಾಗಿ ಗೊತ್ತು.

ಇವರು ಪ್ರೆಸ್ಸಿನಲ್ಲಿ ಅಚ್ಚಿನ ಮೆಷಿನ್ ನೋಡಿಕೊಳ್ಳುತ್ತಾರೆ. ಸಂಜೆ ಬಂದವರೇ ಮಸಿ ಅಂಟಿದ ಬೆರಳಲ್ಲಿ ‘ಬಾ ದೊರೆಸಾನಿ’ ಅಂತ ಮಗುವನ್ನು ಎತ್ತಿಕೊಳ್ಳಲು ಹೋದರು. ಮೊಣಕೈ ತನಕ ಸೋಪು ಹಚ್ಚಿ ತೊಳೆಸಿದೆ. ಮಗಳನ್ನು ನೋಡಲು ಬಂದಿದ್ದೀನೋ ಆಪರೇಷನ್ ಮಾಡಲು ಬಂದಿದ್ದೀನೋ ಅಂತ ಗೊಣಗಿದರು. ನಿಪ್ಪಲ್ಲು, ಚಮಚ, ಬಟ್ಟಲು ಎಲ್ಲ ಎರಡು ಸಲ ಕುದಿಸಿದೆ. ಈಗ ಮಲಗಬೇಕು. ಮಲಗಿದರೆ ಮಗುವಿನ ಉಸಿರು ಕೇಳಿಸುವುದಿಲ್ಲ, ಕೂತರೆ ಕೇಳಿಸುತ್ತದೆ. ಕೂತಿದ್ದೇನೆ.

ಜೂನ್ ೨೧

ಮಳೆ ಹಿಡಿಯಿತು. ಮೇಲಿನ ಮರಗಳಿಂದ ಎಲೆ, ಕಡ್ಡಿ, ತೊಗಟೆ ರಾಶಿ ರಾಶಿ ತೇಲಿ ಬಂದು ನನ್ನ ಹೊಸ ಕಲ್ಲುಗಳ ಸಂದಿಗೆಲ್ಲ ಸಿಕ್ಕಿಕೊಳ್ಳುತ್ತಿವೆ. ಅಂಗಡಿಯಿಂದ ಎಲೆ ಬಾಚುವ ಕುಂಟೆ ತಂದೆ. ಬೂಟು ಹಾಕಿಕೊಂಡು ನೀರಿಗಿಳಿದು ಬೆಳಗ್ಗೆಯೇ ಎಲ್ಲ ಬಾಚಿ ತೆಗೆದು, ದಡದ ಮೇಲಿನ ನಮ್ಮ ತಗಡಿನ ಶೆಡ್ಡಿನ ಹಿಂದೆ ಒಟ್ಟಿ, ಆಮೇಲೆ ಫೋಟೋ ತೆಗೆಯುತ್ತೇನೆ. ಎಷ್ಟು ಚೆನ್ನಾಗಿ ಬರುತ್ತದೆ.

ದಡದ ಗಿಡ ನೋಡಿಕೊಳ್ಳುವ ಹೆಂಗಸೊಬ್ಬಳಿದ್ದಾಳೆ, ಎಲ್ಲರಿಗೂ ಅವಳು ಗಿಡದಕ್ಕ. ಕೊಡೆ ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದವಳು ಕೊನೆಗೆ ಕೇಳಿದಳು, “ತಲೆ ಬಾಚಿ ಆಯ್ತು, ಜಡೆ ಯಾವಾಗ ಹಾಕ್ತೀರಿ?”

ಇವತ್ತು ಮಧ್ಯಾಹ್ನದೊಳಗೆ ಅತ್ತೆಗೆ ಏಳು ಸಲ ಫೋನ್ ಮಾಡಿದೆನಂತೆ. ಏಳನೆಯದಕ್ಕೆ ಅವರು ಮಗುವಿನ ಕಿವಿಗೇ ಫೋನ್ ಹಿಡಿದರು. ಅದು ‘ಬ್ಬು’ ಅಂದಿತು. ಅಂದರೆ ಚೆನ್ನಾಗಿದೆ ಅಂತಲೋ, ಇಡು ಅಂತಲೋ ಗೊತ್ತಾಗಲಿಲ್ಲ.

ಜುಲೈ ೩

ಬಂದವು. ಮೆಟ್ಟಿಲು ಹತ್ತಿ ಮೋರಿ ದಾಟಿ ಐದಾರು ಮೀನು ಮೇಲಿನ ಗುಂಡಿಗೆ ಬಂದವು. ನಾನು ಕಲ್ಲಿನ ಮೇಲೆ ನಿಂತುಕೊಂಡು ಕುಣಿದೆ. ಗಿಡದಕ್ಕನೂ ಜೊತೆಗೆ ಕುಣಿದಳು, ಯಾಕೆಂದು ಆಮೇಲೆ ಕೇಳಿದಳು. ಮನೆಯಲ್ಲಿ ಹೇಳಿದರೆ ಅತ್ತೆ ಮಗುವಿನ ಎರಡೂ ಕೈ ಹಿಡಿದು ಚಪ್ಪಾಳೆ ತಟ್ಟಿಸಿದರು.

ಜುಲೈ ೪

ಒಂದೂ ಇಲ್ಲ. ಗುಂಡಿಯನ್ನು ಒಂದು ಸುತ್ತು ಹಾಕಿ, ಎಲ್ಲ ನೋಡಿ, ವಾಪಸ್ ಕೆಳಗಿಳಿದಿವೆ. ಬಾಡಿಗೆ ಮನೆ ನೋಡಲು ಬಂದವರು ‘ಆಮೇಲೆ ಫೋನ್ ಮಾಡ್ತೀವಿ’ ಅಂತ ಹೋದ ಹಾಗೆ. ಏನು ಕೊರತೆಯೋ. ಇನ್ನೂ ಚೆನ್ನಾಗಿ ಬಾಚಬೇಕು.

ಜುಲೈ ೧೧

ಮಗುವಿಗೆ ನೆಗಡಿ. ಹಳ್ಳವಿಲ್ಲ, ಕಚೇರಿಯಿಲ್ಲ. ಬರೀ ಮೂಗು.

ಜುಲೈ ೧೬

ಸಾಹೇಬರು ಜೀಪಿನಲ್ಲಿ ಬಂದು ಏರಿಯ ಮೇಲಿಂದಲೇ ನೋಡಿದರು. ಬಾಯಿ ತುಂಬ ಹೊಗಳಿದರು. ತಮ್ಮ ಇಷ್ಟು ವರ್ಷದ ಸರ್ವೀಸಿನಲ್ಲಿ ಇಷ್ಟು ನೀಟಾದ ಹಳ್ಳ ನೋಡಿಲ್ಲವಂತೆ. ನನಗೆ ಮುಖವೆಲ್ಲ ಬಿಸಿಯಾಯಿತು. ಜೀಪು ಹತ್ತುವಾಗ ಒಂದು ಮಾತು ಸೇರಿಸಿದರು: “ನೀವೇ ಅರ್ಧ ಚರಂಡಿ ಮಾಡಿ ಕೊಟ್ಟಿದೀರಿ. ಇನ್ನು ಸಿಮೆಂಟ್ ಹಾಕೋದೊಂದೇ ಬಾಕಿ.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಾತು ಹಲ್ಲಿನ ಸಂದಿಯ ನಾರಿನ ಹಾಗೆ ಉಳಿಯಿತು. ನನಗೆ ಆ ಹಳ್ಳ ಬೇಕು ಅನ್ನುವುದು ಅಲ್ಲೇ, ಬಸ್ಸಿನಲ್ಲೇ, ಗೊತ್ತಾಗಿದ್ದು. ಅಲ್ಲಿ ನೀರು ಕಲ್ಲು ದಾಟುವಾಗ ಒಂದೊಂದು ಕಡೆ ಒಂದೊಂದು ಸದ್ದು ಮಾಡುತ್ತದೆ. ನನಗೀಗ ಕಣ್ಣು ಮುಚ್ಚಿಕೊಂಡೇ ಯಾವುದು ಯಾವ ಕಲ್ಲಿನದೆಂದು ಹೇಳಲು ಬರುತ್ತದೆ. ಸಿಮೆಂಟಿನ ಮೇಲೆ ನೀರಿಗೆ ಒಂದೇ ಸದ್ದು.

ಜುಲೈ ೨೨

ಇವತ್ತು ಬರೆಯಲು ತುಂಬ ಇದೆ.

ಮೀನು ಮೇಡಂ ಬಂದರು. ಫೋನಿನಲ್ಲಿ ಮೆಲ್ಲಗೆ ಮಾತಾಡುವ ಅವರು ಸಣ್ಣಗೆ ತೆಳ್ಳಗೆ ಇರಬಹುದು ಅಂದುಕೊಂಡಿದ್ದೆ. ಬಂದವರು ಆರಡಿ ಎತ್ತರ, ತೊಡೆಯ ತನಕ ಬೂಟು, ತಲೆಗೆ ಅಗಲ ಟೋಪಿ. ನಮಸ್ಕಾರಕ್ಕೆ ಮೊದಲೇ ನೀರಿಗಿಳಿದರು. ಒಂದು ಕಲ್ಲೆತ್ತಿ ಅಡಿ ನೋಡಿ ಇಟ್ಟರು. ಇನ್ನೊಂದೆತ್ತಿ ನೋಡಿದರು. ಮತ್ತೊಂದು. ಮುಖ ಗಂಟಾಗುತ್ತ ಹೋಯಿತು.

“ಏನಮ್ಮಾ ಇದು. ನಮ್ಮನೆ ತಟ್ಟೆಗಳೂ ಇಷ್ಟು ಕ್ಲೀನಾಗಿರಲ್ಲ. ಯಾರೋ ಮಹಾತಾಯಿ ಬಂದು ದಿನಾ ಗುಡಿಸಿ ಹೋಗ್ತಿದಾಳೆ ಇಲ್ಲಿ.”

ಗಿಡದಕ್ಕ ಥಟ್ಟನೆ ಬೆನ್ನು ತಿರುಗಿಸಿ ಗಿಡವೊಂದನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ನಾನು ಕುಂಟೆಯನ್ನು ಬೆನ್ನ ಹಿಂದೆ ಅಡಗಿಸಲು ನೋಡಿದೆ. ಅದು ನನಗಿಂತ ಉದ್ದ.

“ನಾನೇ ಮೇಡಂ,” ಅಂದೆ. “ಕಸ ಇರಬಾರದು ಅಂತ ನೀವೇ ಬರೆದಿದ್ರಲ್ಲ.”

ಅವರು ನನ್ನನ್ನು, ಕುಂಟೆಯನ್ನು, ಶೆಡ್ಡಿನ ಹಿಂದೆ ಗುಡ್ಡವಾಗಿ ನಿಂತಿದ್ದ ಎಲೆಯ ರಾಶಿಯನ್ನು ಒಂದೊಂದಾಗಿ ನೋಡಿದರು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಅವರು ಕಸ ಅಂತ ಬರೆದದ್ದು ಸಿಮೆಂಟ್ ಚೀಲ, ತಂತಿ, ಪ್ಲಾಸ್ಟಿಕ್ಕು, ಕೆಲಸ ಮುಗಿದ ಮೇಲೆ ಬಿಟ್ಟು ಹೋಗುವ ಸಾಮಾನಿನ ಬಗ್ಗೆ. ಎಲೆಯನ್ನು ಯಾರಾದರೂ ಕಸ ಅಂದುಕೊಂಡಾರು ಅಂತ ಅವರಿಗೆ ಹೊಳೆದೇ ಇರಲಿಲ್ಲ. ಎಲೆಯಲ್ಲದೆ ಇನ್ನೇನಾದರೂ ಕಸ ಇದ್ದೀತು ಅಂತ ನನಗೆ ಹೊಳೆದಿರಲಿಲ್ಲ.

“ಎಲೆ ಕಸ ಅಲ್ಲಮ್ಮ, ಊಟ,” ಅಂದರು. ಎಲೆ ಕೊಳೆತರೆ ಅದನ್ನು ತಿನ್ನಲು ಹುಳು ಬರುತ್ತವಂತೆ, ಹುಳು ತಿನ್ನಲು ಮೀನು. ಮೊಟ್ಟೆ ಅಂಟಿಸಲು, ಮರಿ ಅಡಗಲು ಎಲ್ಲಕ್ಕೂ ಅದೇ. “ನೀವು ಮನೆಗೆ ನೆಂಟರನ್ನ ಕರೀತೀರಿ, ಬಡಿಸಿದ್ದನ್ನೆಲ್ಲ ಅವರು ಕೂರೋ ಮೊದಲೇ ಎತ್ತಿ ತಟ್ಟೆ ತೊಳೆದಿಡ್ತೀರಿ. ಆಮೇಲೆ ಯಾಕೆ ನಿಲ್ಲಲಿಲ್ಲ ಅಂತ ಅಳ್ತೀರಿ.”

ಯಾರು ಮೊದಲು ನಕ್ಕಿದ್ದೋ ಗೊತ್ತಿಲ್ಲ. ಮೇಡಂ ನಕ್ಕರೆ ಏರಿ ಇನ್ನೊಂದು ಸಲ ಕುಸಿಯಬೇಕು, ಅಷ್ಟು ದೊಡ್ಡ ನಗು. ಇಂಜಿನಿಯರು ಓದುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಉದ್ದಕ್ಕೆ ಬಿಡಿಸಿ ಬರೆಯುತ್ತಿದ್ದೆ ಅಂದರು. ನಾನು ಕಣ್ಣೊರೆಸಿಕೊಂಡೆ. ಇನ್ನು ಮಳೆ ಎಷ್ಟು ದಿನ ಉಳಿದಿದೆ, ಇಷ್ಟು ದಿನ ಹಾಳಾಯಿತಲ್ಲ, ನಾನೀಗ ಏನೇನು ಮಾಡಬೇಕು ಅಂತ ಕೇಳಿದೆ.

“ಏನೂ ಮಾಡಬೇಡಿ.”

ಅದೇ ಕಷ್ಟ ಅಂದೆ. ಗೊತ್ತು ಅಂದರು. ತೆಗೆದ ಎಲೆಯನ್ನು ವಾಪಸ್ ಹಾಕಿ, ಆಮೇಲೆ ಹದಿನೈದು ದಿನಕ್ಕೊಮ್ಮೆ ನೋಡಿ, ಕಲ್ಲೆತ್ತಬೇಡಿ, ಆ ಕುಂಟೆಯನ್ನು ನನ್ನ ಕಾರಿಗೆ ಹಾಕಿ. ಹಾಕಿದೆ. ತಗೊಂಡೇ ಹೋದರು.

ಜುಲೈ ೨೪

ಎರಡು ದಿನದಿಂದ ನಾನೂ ಗಿಡದಕ್ಕನೂ ಬುಟ್ಟಿಗಟ್ಟಲೆ ಎಲೆ ಹೊತ್ತು ಹಳ್ಳಕ್ಕೆ ಸುರಿಯುತ್ತಿದ್ದೇವೆ. ದಾರಿಹೋಕರು ಸೈಕಲ್ ನಿಲ್ಲಿಸಿ ನೋಡುತ್ತಾರೆ. ಒಬ್ಬರು ಹಳ್ಳಕ್ಕೆ ಕಸ ಹಾಕಬಾರದು ಅಂತ ನನಗೇ ಬುದ್ಧಿ ಹೇಳಿದರು. ಗಿಡದಕ್ಕ ಸೊಂಟದ ಮೇಲೆ ಕೈಯಿಟ್ಟು, ಅದು ಕಸ ಅಲ್ಲ, ಊಟ ಅಂದಳು. ಅವರು ಒಂದು ಹೆಜ್ಜೆ ಹಿಂದೆ ಸರಿದು ಸೈಕಲ್ ಹತ್ತಿದರು.

ತೆಗೆದದ್ದನ್ನೇ ಮತ್ತೆ ಹಾಕುವ ಕೆಲಸ ಸರ್ಕಾರಿ ಕಚೇರಿಗಳಲ್ಲಿ ಹೊಸದೇನಲ್ಲ ಬಿಡು ಅಂತ ಇವರು ಸಮಾಧಾನ ಹೇಳಿದರು.

ಆಗಸ್ಟ್ ೨

ಸುಮ್ಮನಿರುವುದು ಇಷ್ಟು ದೊಡ್ಡ ಕೆಲಸ ಅಂತ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಶೆಡ್ಡಿನಲ್ಲಿ ಕೂತು ಕೈಗಳನ್ನು ತೊಡೆಯಡಿ ಇಟ್ಟುಕೊಳ್ಳುತ್ತೇನೆ.

ಮಗು ಅಂಬೆಗಾಲಿಡುತ್ತಿದೆ. ಹೂಕುಂಡದ ತನಕ ಹೋಗಿ ಒಂದು ಚಿಟಿಕೆ ಮಣ್ಣು ತಿಂದಿದೆ. ಕಚೇರಿಯಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. ಎಷ್ಟು ತಿಂದಿತು ಅಂದರು. ಒಂದು ಚಿಟಿಕೆ ಅಂದೆ. ಉಪ್ಪು ಹಾಕಿದ್ರಾ ಅಂತ ಕೇಳಿ ಫೋನಿಟ್ಟರು. ಡಾಕ್ಟರು ಬದಲಾಯಿಸಬೇಕು.

ಆಗಸ್ಟ್ ೧೯

ನಿನ್ನೆಯೆಲ್ಲ ಆಕಾಶ ತೂತಾದ ಹಾಗೆ ಸುರಿಯಿತು. ಬೆಳಕು ಹರಿಯುತ್ತಲೇ ಓಡಿದೆ. ಹಳ್ಳ ಕೆಂಪಗೆ ಉಕ್ಕಿ ಈಗಷ್ಟೇ ಇಳಿದಿತ್ತು. ನೆಟ್ಟ ಗಿಡಗಳಲ್ಲಿ ಎರಡು ಹೋಗಿವೆ. ಮೆಟ್ಟಿಲಿನ ಒಂದು ಕಲ್ಲು ಮಗ್ಗುಲು ಬದಲಿಸಿ ಮಲಗಿದೆ. ಅಷ್ಟೇ. ದಡ ಒಂದು ಬೊಗಸೆ ಮಣ್ಣನ್ನೂ ಬಿಟ್ಟುಕೊಟ್ಟಿಲ್ಲ. ಹುಲ್ಲು ಪೂರ್ತಿ ಅಡ್ಡಬಿದ್ದು, ಬೇರು ಮಾತ್ರ ಹಲ್ಲು ಕಚ್ಚಿ ಹಿಡಿದುಕೊಂಡಿದೆ. ಅದನ್ನು ನೋಡಿ ನನ್ನೊಳಗಿನ ಇಂಜಿನಿಯರು ಟೋಪಿ ತೆಗೆದಳು.

ನಾವು ಹಾಕಿದ ಎಲೆಯೆಲ್ಲ ಕೊಚ್ಚಿಹೋಗಿರುತ್ತದೆ ಅಂದುಕೊಂಡಿದ್ದೆ. ಇಲ್ಲ. ಕಲ್ಲುಗಳ ಎದುರು ದಪ್ಪ ದಪ್ಪ ಕಟ್ಟುಗಳಾಗಿ ಒತ್ತಿ ಕೂತಿತ್ತು. ಒಂದು ಕಟ್ಟಿನ ಅಂಚಿನಲ್ಲಿ, ನಾನು ಮುಟ್ಟಲಿಲ್ಲ, ಬಗ್ಗಿ ನೋಡಿದ್ದಷ್ಟೇ, ಮೂರು ಬಾಲದ ಒಂದು ಪುಟ್ಟ ಹುಳು ಎಲೆಯ ಮೇಲೆ ನಡೆದಾಡುತ್ತಿತ್ತು, ತಿಂಡಿ ಮುಗಿಸಿ ಜಗಲಿಗೆ ಬಂದವರ ಹಾಗೆ. ಪಕ್ಕದಲ್ಲಿ ಇನ್ನೊಂದು.

ಫೋಟೋ ಕಳಿಸಿದೆ. ಮೇಡಂ ಉತ್ತರವಾಗಿ ತಮ್ಮ ನಾಯಿಯ ಫೋಟೋ ಕಳಿಸಿದರು. ಬಹಳ ಸಂತೋಷವಾದಾಗ ಹಾಗೆ ಮಾಡುತ್ತಾರಂತೆ.

ಸೆಪ್ಟೆಂಬರ್ ೧೨

ಬರೆದು ಎಷ್ಟು ದಿನವಾಯಿತು. ಏನು ಬರೆಯಬೇಕೋ ನೆನಪಾಗುತ್ತಿಲ್ಲ. ಬಸ್ಸಿನಲ್ಲಿ ನಿದ್ದೆ ಹೋಗಿ ಡಿಪೋ ತನಕ ಹೋಗಿಬಿಟ್ಟೆ. ಕಂಡಕ್ಟರು ಟೀ ಕೊಡಿಸಿ ವಾಪಸ್ ಬಸ್ಸು ಹತ್ತಿಸಿದರು. ಇತ್ತೀಚೆಗೆ ಎಲ್ಲಿ ಕೂತರೂ ಹೀಗೇ. ರಕ್ತ ಪರೀಕ್ಷೆ ಮಾಡಿಸಬೇಕು.

ಮೇಲಿನ ಗುಂಡಿಯಲ್ಲಿ ಇವತ್ತು ಮೀನು ಕಂಡೆ. ಕಂಡೆನೋ, ಬಿಸಿಲಿನ ಮಿಂಚೋ. ಸಾಹೇಬರಿಗೆ ಹೇಳಿದೆ. ಅವರು ತಲೆಯಾಡಿಸಿದರು. “ಬಂದು ಹೋಗೋರು ನೆಂಟರು, ಇರೋರು ಮನೆಯವರು. ನನಗೆ ಮನೆಯವರನ್ನ ತೋರಿಸಿ.” ಮುಂದಿನ ತಿಂಗಳು ಖುದ್ದಾಗಿ ಬರುತ್ತಾರಂತೆ, ಮೀನು ಮೇಡಂ ಕೂಡ. ಅವತ್ತು ತೀರ್ಮಾನ. ಸಿಮೆಂಟಿನ ಮೂಟೆಗಳು ಆಗಲೇ ಬಂದು ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಕೂತಿವೆ. ನನ್ನ ಕುರ್ಚಿ ಹೊರಗೆ ಬಂದಿದೆ.

ಅಕ್ಟೋಬರ್ ೮

ಬೆಳಗ್ಗೆ ಏಳುವಾಗಲೇ ಅತ್ತೆಯ ಮೊಣಕಾಲು ಊದಿತ್ತು. ಪ್ರೆಸ್ಸಿನಲ್ಲಿ ಅರ್ಜೆಂಟ್ ಕೆಲಸ, ಇವರು ಬಿಡುವಂತಿಲ್ಲ. ಮಗುವಿಗೆ ಗಂಜಿ ಕುಡಿಸಿ, ಸೊಂಟಕ್ಕೇರಿಸಿಕೊಂಡು ಬಸ್ಸು ಹತ್ತಿದೆ. ಕುದಿಸಿದ ನೀರಿನ ಬಾಟಲಿ ಮೇಜಿನ ಮೇಲೇ ಉಳಿದಿದೆ ಅಂತ ಅತ್ತೆ ಆಮೇಲೆ ಫೋನ್ ಮಾಡಿದರು. ಗಿಡದಕ್ಕನ ಬಾಟಲಿಯಲ್ಲೇ ಕುಡಿಸಿದೆ.

ಸಾಹೇಬರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಬಂದಿದ್ದರು. ಮೇಡಂ ಟೋಪಿಯಲ್ಲಿ. ಮಗುವನ್ನು ನೋಡಿ ಇದು ಯಾವ ಇಲಾಖೆ ಅಂತ ಸಾಹೇಬರು ಕೇಳಿದರು. ಮಗು ಅವರ ಪೆನ್ನು ಕಿತ್ತುಕೊಂಡಿತು. ಎಲ್ಲರೂ ಮೇಲಿನ ಗುಂಡಿಯ ಪಕ್ಕ ಬಗ್ಗಿ ನಿಂತೆವು. ನೀರು ತಿಳಿಯಾಗಿತ್ತು. ಮೀನಿಲ್ಲ. ಒಂದು ಒಣ ಎಲೆ ಬಂತು, ಸುತ್ತು ಹಾಕಿತು, ಹೋಯಿತು. ಸಾಹೇಬರು ಗಡಿಯಾರ ನೋಡಿದರು. ಮತ್ತೆ ನೋಡಿದರು. ಪಾಪ, ಅವರು ಕೆಟ್ಟವರಲ್ಲ. ಸಾಕಷ್ಟು ಹೊತ್ತು ಕಾದು ಆಮೇಲೇ ಮೆಲ್ಲಗೆ, “ನೀವು ತುಂಬ ಪ್ರಯತ್ನಪಟ್ರಿ ಕಣಮ್ಮ,” ಅಂದರು.

ಮೇಡಂ ನೀರಿಗಿಳಿದು, ಕಲ್ಲಿಗೆ ಒತ್ತಿಕೊಂಡಿದ್ದ ಎಲೆಯ ಕಟ್ಟಿನ ಕೆಳಗೆ ಬಲೆಯನ್ನು ಮೆತ್ತಗೆ ತೂರಿಸಿ, ಒಂದು ಮುದ್ದೆ ಕೊಳೆತ ಎಲೆಯನ್ನು ಎತ್ತಿ ತಂದು ಬಿಳಿ ತಟ್ಟೆಗೆ ಸುರಿದು ನೀರು ಹೊಯ್ದರು. ಸಾಹೇಬರು ಇಣುಕಿ, ಬರೀ ಕಸ ಅಂದರು.

“ಸ್ವಲ್ಪ ನಿಲ್ಲಿ.”

ಕೆಸರು ತಳಕ್ಕೆ ಇಳಿಯಿತು. ಎಲೆಗಳ ನಡುವೆ ಏನೋ ಕದಲಿತು. ಕಣ್ಣರೆಪ್ಪೆಯ ಕೂದಲಿನಷ್ಟು ಸಣ್ಣದು, ಗಾಜಿನ ಹಾಗೆ ಆಚೆ ಕಾಣುವ ಮೈ, ಅದಕ್ಕೆ ಎರಡು ಕಪ್ಪು ಚುಕ್ಕೆ ಕಣ್ಣು. ಇನ್ನೊಂದು. ಆ ಎಲೆಯಡಿಯಿಂದ ಮತ್ತೊಂದು. ಆಮೇಲೆ ತಟ್ಟೆಯೆಲ್ಲ ಕಣ್ಣೇ ಕಣ್ಣು.

“ಮರಿಗಳು,” ಅಂದರು ಮೇಡಂ. ಅವರ ದನಿ ಫೋನಿನಲ್ಲಿದ್ದಷ್ಟೇ ಮೆತ್ತಗಾಗಿತ್ತು. “ಇಲ್ಲೇ ಹುಟ್ಟಿದ್ದು. ಇವರು ನೆಂಟರಲ್ಲ ಸಾರ್, ಮನೆಯವರು.”

ಸಾಹೇಬರು ಕನ್ನಡಕ ಹಣೆಗೇರಿಸಿ, ಮೂಗು ನೀರಿಗೆ ತಾಗುವಷ್ಟು ಬಗ್ಗಿದರು. ಇಸ್ತ್ರಿ ಪ್ಯಾಂಟಿನ ಮೊಣಕಾಲು ಕೆಸರಿನಲ್ಲಿ ಊರಿದ್ದು ಅವರಿಗೆ ಗೊತ್ತೇ ಇಲ್ಲ. ಬಗ್ಗಿಕೊಂಡೇ ಕೇಳಿದರು, “ಇವುಗಳ ತಾಯಿ ಎಲ್ಲಿ?”

“ಎಲ್ಲೋ ಹೋಗಿದಾಳೆ. ಒಳ್ಳೆ ಜಾಗ ನೋಡಿ ಮೊಟ್ಟೆ ಇಡ್ತಾಳೆ, ಆಮೇಲೆ ಹಳ್ಳದ ಮೇಲೆ ಭಾರ ಹಾಕಿ ತನ್ನ ಕೆಲಸಕ್ಕೆ ಹೋಗ್ತಾಳೆ.”

ಅವಳಿಗೆ ಅತ್ತೆಯೂ ಇಲ್ಲ, ಪಾಪ, ಅಂದುಕೊಂಡೆ.

ಸಾಹೇಬರು ಎದ್ದು ನಿಂತು ಶೆಡ್ಡಿನ ಕಡೆ ನೋಡಿದರು. ಮೂಟೆಗಳನ್ನು ನಾಳೆಯೇ ಗೋಡೌನಿಗೆ ಸಾಗಿಸಬೇಕು, ತೇವ ಹಿಡಿದರೆ ಹಾಳು ಅಂದರು. ಅಷ್ಟೇ ಅಂದಿದ್ದು. ಗಿಡದಕ್ಕ ನನ್ನ ಬೆನ್ನಿಗೆ ಗುದ್ದಿದ ಗುದ್ದು ಈಗಲೂ ನೋಯುತ್ತಿದೆ.

ಆಮೇಲೆ ಸಾಹೇಬರಿಗೆ ಹೊರಡಲು ಮನಸ್ಸೇ ಬರಲಿಲ್ಲ. ತಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆರಳು ಮಡಚಿ ಮರಿ ಎಣಿಸಿದರು. ಎದುರಿಗೆ ಮಗುವನ್ನು ನೆಲಕ್ಕೆ ಬಿಟ್ಟಿದ್ದೆ. ಅದು ಮಣ್ಣಿನಲ್ಲಿ ತೆವಳಿಕೊಂಡು ಬಂದು ಎರಡು ಕೈಯನ್ನೂ ತಟ್ಟೆಗೆ ಅದ್ದಿ ಪಟಪಟ ಬಡಿಯಿತು. ಸಾಹೇಬರ ಮುಖಕ್ಕೆಲ್ಲ ನೀರು. ನಾವೆಲ್ಲ ನಕ್ಕೆವು. ಮಗು ತನ್ನ ಬೆರಳು ಚೀಪಿ ನೋಡಿತು. ಸಾಹೇಬರು ಮುಖ ಒರೆಸಿಕೊಂಡು ಮತ್ತೆ ಮೊದಲಿನಿಂದ ಎಣಿಸಿದರು. ಒಂದು ಕಮ್ಮಿ ಬಂತು.

ಎಲ್ಲರೂ ಮಗುವಿನ ಕಡೆ ನೋಡಿದೆವು. ಅದರ ಎಡಗೈ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ನಾನು ಒಂದೊಂದೇ ಬೆರಳು ಬಿಡಿಸಿದೆ. ಒಳಗೆ ಕೊಳೆತ ಎಲೆಯ ಒಂದು ಚೂರು, ಅಷ್ಟೇ. ಕಾಣೆಯಾದ ಮರಿ ತಟ್ಟೆಯ ಅಂಚಿನಲ್ಲೇ ಇತ್ತು. ನಾನು ಚೂರನ್ನು ಹುಲ್ಲಿಗೆ ಎಸೆಯಲು ಹೋದೆ.

“ಏ, ಎಸೀಬೇಡಿ,” ಅಂದರು ಕಾಂಕ್ರೀಟ್ ಸಾಹೇಬರು, ಕೈ ಚಾಚಿ. “ಅದು ಹಳ್ಳದ್ದು. ಇಲ್ಲಿ ಕೊಡಿ.”